ಟಿಕ್ ಅಂದದ್ದು ಎಲ್ಲಿ? ಆಡಿಯೋದಲ್ಲೋ, ಡಿಸ್ಕಿನಲ್ಲೋ?

ಹಾಡು ರೆಕಾರ್ಡ್ ಆಗುತ್ತಿರುವಾಗ 'ಟಿಕ್' ಅಂತ ಸದ್ದು ಬಂದರೆ ಹೆಚ್ಚಿನವರು ತಕ್ಷಣ ಬಫರ್ (ದನಿಯನ್ನು ಸ್ವಲ್ಪ ಹೊತ್ತು ಹಿಡಿದಿಡುವ ಮೆಮೊರಿ) ಜಾಸ್ತಿ ಮಾಡುತ್ತಾರೆ. ಸ್ವಲ್ಪ ತಡೆಯಿರಿ. ಲಿನಕ್ಸ್ ಕಂಪ್ಯೂಟರಿನಲ್ಲಿ ದನಿ ಎರಡು ಕಡೆ ತುಂಡಾಗಬಹುದು. ಎರಡಕ್ಕೂ ಮದ್ದು ಬೇರೆ ಬೇರೆ.

ಮೊದಲನೆಯದು ಎಕ್ಸ್‌ರನ್, ಅಂದರೆ ಕಂಪ್ಯೂಟರಿನ ಆಡಿಯೋ ಕೆಲಸ ಸಮಯಕ್ಕೆ ಮುಗಿಯದೆ ದನಿ ತುಂಡಾಗುವುದು. ಸೆಕೆಂಡಿಗೆ 48,000 ಸ್ಯಾಂಪಲ್ ರೇಟಿನಲ್ಲಿ ಬಫರ್ 128 ಸ್ಯಾಂಪಲ್ ಇಟ್ಟರೆ, ಪ್ರತಿ ಸುತ್ತಿನ ಕೆಲಸ 2.7 ಮಿಲಿಸೆಕೆಂಡಿನೊಳಗೆ ಮುಗಿಯಲೇಬೇಕು. ತಡವಾದರೆ ಜ್ಯಾಕ್ (ದನಿಯನ್ನು ನಿಭಾಯಿಸುವ ಆಡಿಯೋ ಸರ್ವರ್) ಒಂದು ಎಕ್ಸ್‌ರನ್ ಎಣಿಸುತ್ತದೆ. ಎರಡನೆಯದು ಡಿಸ್ಕ್. ಆರ್ಡರ್‌ನಂಥ (Ardour) ರೆಕಾರ್ಡಿಂಗ್ ಪ್ರೋಗ್ರಾಂಗಳು ಡಿಸ್ಕಿಗೆ ಬರೆಯುವ ಕೆಲಸವನ್ನು ಪಕ್ಕದಲ್ಲಿ ಓಡುವ ಬೇರೆ ಥ್ರೆಡ್ಡಿಗೆ ಕೊಟ್ಟಿರುತ್ತವೆ. ನಡುವೆ ಕೆಲವು ಸೆಕೆಂಡುಗಳಷ್ಟು ದೊಡ್ಡ ಬಫರ್ ಇರುತ್ತದೆ. ಹಾಗಾಗಿ ಎಕ್ಸ್‌ರನ್ ಲೆಕ್ಕ ಏರದೆ 'ಡಿಸ್ಕ್ ಸಾಲುತ್ತಿಲ್ಲ' ಅನ್ನೋ ಎಚ್ಚರಿಕೆ ಮಾತ್ರ ಬಂದರೆ, ಸೌಂಡ್ ಕಾರ್ಡ್ ಬಫರ್ ಎಷ್ಟು ಹೆಚ್ಚಿಸಿದರೂ ಉಪಯೋಗವಿಲ್ಲ.

ನನಗೇ ಹಾಗಾಗಿತ್ತು. 24 ಟ್ರ್ಯಾಕ್, ಹೊಸ ಯುಎಸ್‌ಬಿ ಹಾರ್ಡ್ ಡಿಸ್ಕ್. ಮೊದಲು ಎಲ್ಲ ಚೆನ್ನಾಗಿ ನಡೆಯಿತು, ಆಮೇಲೆ ರೆಕಾರ್ಡಿಂಗ್ ನಿಂತೇಹೋಯಿತು. ಲೆಕ್ಕ ಹಾಕಿದರೆ 32 ಬಿಟ್ ಫ್ಲೋಟಿನಲ್ಲಿ 24 ಟ್ರ್ಯಾಕಿಗೆ ಸೆಕೆಂಡಿಗೆ ಬರೀ 4.6 ಎಂಬಿ. ಹಳೇ ಡಿಸ್ಕಿಗೂ ಇದೇನು ಭಾರವಲ್ಲ, ಅಲ್ವಾ? ಡಿಸ್ಕಿನ ಕೆಲಸ ಅಳೆಯುವ ಐಒಸ್ಟ್ಯಾಟ್ (iostat) ಓಡಿಸಿ ಬರೆಯಲು ಕಾಯುವ ಸಮಯದ ಕಾಲಂ ನೋಡುತ್ತಾ ಕೂತೆ. ಹತ್ತು ಮಿಲಿಸೆಕೆಂಡಿನ ಆಸುಪಾಸಿನಲ್ಲಿದ್ದ ಸಂಖ್ಯೆ ಇದ್ದಕ್ಕಿದ್ದಂತೆ ಸಾವಿರ ದಾಟಿತು. ಅದು ಎಸ್‌ಎಂಆರ್ (SMR) ಅನ್ನೋ ಬಗೆಯ ಡಿಸ್ಕ್. ಅದರಲ್ಲಿ ಡೇಟಾ ಬರೆಯುವ ಗೆರೆಗಳು ಹೆಂಚಿನ ಹಾಗೆ ಒಂದರ ಮೇಲೊಂದು ಸ್ವಲ್ಪ ಹೊದ್ದಿರುತ್ತವೆ. ಒಂದನ್ನು ತಿದ್ದಬೇಕಾದರೆ ಪಕ್ಕದವನ್ನೂ ಮತ್ತೆ ಬರೆಯಬೇಕು. ಒಳಗಿನ ಕ್ಯಾಶ್ ಜಾಗ ತುಂಬುವವರೆಗೆ ಈ ಕಷ್ಟ ಹೊರಗೆ ಕಾಣುವುದಿಲ್ಲ. ರೆಕಾರ್ಡಿಂಗಿಗೆ ಇಂಥ ಡಿಸ್ಕ್ ಬೇಡವೇ ಬೇಡ. ಸರಾಸರಿ ವೇಗ ನೋಡಿ ಮೋಸಹೋಗಬೇಡಿ, ಅತಿ ಉದ್ದದ ಒಂದು ಕಾಯುವಿಕೆಯೇ ಟೇಕ್ (ಆ ಸಲದ ರೆಕಾರ್ಡಿಂಗ್) ಕೆಡಿಸುತ್ತದೆ.

ಡಿಸ್ಕ್ ಸರಿಯಿದ್ದರೂ ಲಿನಕ್ಸಿನ ತಿರುಳಾದ ಕರ್ನಲ್ ಒಮ್ಮೊಮ್ಮೆ ಕಾಡುತ್ತದೆ. ಬರೆಯಬೇಕಾದ ಡೇಟಾವನ್ನು ಅದು ಸುಮಾರು 30 ಸೆಕೆಂಡ್ ಮೆಮೊರಿಯಲ್ಲೇ ಇಟ್ಟುಕೊಂಡು ಆಮೇಲೆ ಸುರಿಯುತ್ತದೆ. ಮೇಲಿನ ಲೆಕ್ಕದಲ್ಲಿ ಅದು ಹತ್ತಿರ ಹತ್ತಿರ 140 ಎಂಬಿ. ತೊಂದರೆ ಅರ್ಧ ನಿಮಿಷಕ್ಕೊಮ್ಮೆ ಗಡಿಯಾರದ ಹಾಗೆ ಬರುತ್ತಿದ್ದರೆ ಇಲ್ಲಿ ಅನುಮಾನಪಡಿ. ಡರ್ಟಿ ಬ್ಯಾಕ್‌ಗ್ರೌಂಡ್ ಬೈಟ್ಸ್ (ಮೆಮೊರಿಯಲ್ಲಿ ಎಷ್ಟು ಡೇಟಾ ಸೇರಿದಾಗ ಬರೆಯಲು ಶುರುಮಾಡಬೇಕು ಅನ್ನೋ ಸೆಟ್ಟಿಂಗ್) ಮಿತಿಯನ್ನು 16 ಎಂಬಿಗೆ ಇಳಿಸಿದರೆ ಮೂರ್ನಾಲ್ಕು ಸೆಕೆಂಡಿಗೊಮ್ಮೆ ಸ್ವಲ್ಪ ಸ್ವಲ್ಪವೇ ಬರೆಯುತ್ತದೆ.

ಇನ್ನು ಎಕ್ಸ್‌ರನ್ನೇ ಬರುತ್ತಿದ್ದರೆ ದಾರಿ ಬೇರೆ. ನಿಮ್ಮ ಯೂಸರಿಗೆ ರಿಯಲ್‌ಟೈಮ್ ಅನುಮತಿ (ಆಡಿಯೋ ಕೆಲಸಕ್ಕೆ ಎಲ್ಲಕ್ಕಿಂತ ಮೊದಲ ಸರದಿ) ಇದೆಯಾ ನೋಡಿ. ಸಿಪಿಯು ವೇಗ ನಿರ್ಧರಿಸುವ ಗವರ್ನರನ್ನು ಪರ್ಫಾರ್ಮೆನ್ಸಿಗೆ ಹಾಕಿ, ವೈಫೈ ಆಫ್ ಮಾಡಿ. 2024ರ 6.12 ಕರ್ನಲ್‌ನಿಂದ ರಿಯಲ್‌ಟೈಮ್ ಸೌಲಭ್ಯ ಮುಖ್ಯ ಕರ್ನಲ್‌ನಲ್ಲೇ ಸೇರಿದೆ. ಆದರೆ ಅದನ್ನು ಆನ್ ಮಾಡಿ ಕಟ್ಟಿದ ಕರ್ನಲ್ ನಿಮಗೆ ಬೇಕು.

ಯಾವುದನ್ನೂ ಬದಲಿಸುವ ಮೊದಲು ಒಮ್ಮೆ ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್‌ಕಂಟ್ರೋಲ್ (smartctl) ಓಡಿಸಿ. ಪೆಂಡಿಂಗ್ ಸೆಕ್ಟರ್ (ಸರಿಯಾಗಿ ಓದಲಾಗದ ಜಾಗ) ಸೊನ್ನೆಗಿಂತ ಜಾಸ್ತಿ ಇದ್ದರೆ ಟ್ಯೂನಿಂಗ್ ಅಲ್ಲಿಗೇ ಬಿಡಿ. ಹಾಡುಗಳನ್ನು ಇವತ್ತೇ ಬೇರೆ ಡಿಸ್ಕಿಗೆ ಕಾಪಿ ಮಾಡಿ.