ಸ್ಮಾಲ್ ಸೆಲ್: ಮೆಲ್ಲಗೆ ಮಾತಾಡುವ ಟವರ್

ಜಾತ್ರೆಯ ನಡುವೆ ನಿಂತು ಫೋನ್ ತೆಗೆದರೆ ಸಿಗ್ನಲ್ ಕಡ್ಡಿಗಳು ಪೂರ್ತಿ ಇರುತ್ತವೆ. ಆದರೂ ತೇರಿನ ಒಂದು ಫೋಟೋ ಮನೆಗೆ ಹೋಗುವುದಿಲ್ಲ, ಚಕ್ರ ಸುಮ್ನೆ ಸುತ್ತುತ್ತಿರುತ್ತದೆ. ಸಿಗ್ನಲ್ ಬರುತ್ತಿದೆ, ಪಾಲು ಸಿಗುತ್ತಿಲ್ಲ. ಒಂದು ಟವರ್‌ನ ತರಂಗವನ್ನು ಅಲ್ಲಿರುವ ಫೋನ್‌ಗಳೆಲ್ಲ ಹಂಚಿಕೊಳ್ಳಬೇಕಲ್ವಾ?

ಇದಕ್ಕೆ ಇರುವ ಉಪಾಯವೇ ಸ್ಮಾಲ್ ಸೆಲ್. ಸೆಲ್ ಅಂದರೆ ಒಂದು ಆಂಟೆನಾ ನೋಡಿಕೊಳ್ಳುವ ಜಾಗ. ದೊಡ್ಡ ಟವರ್‌ಗೆ ಆ ಜಾಗ ಕೆಲವು ಕಿಲೋಮೀಟರ್. ದೀಪದ ಕಂಬಕ್ಕೋ ಗೋಡೆಗೋ ಬಿಗಿಯುವ ಸ್ಮಾಲ್ ಸೆಲ್ ಪೆಟ್ಟಿಗೆಗೆ ಸಾಮಾನ್ಯವಾಗಿ ಕೆಲವು ನೂರು ಮೀಟರ್. ಮನೆಯೊಳಗಿನ ಬ್ರಾಡ್‌ಬ್ಯಾಂಡಿಗೆ ಸಿಕ್ಕಿಸುವ ಫೆಮ್ಟೋಸೆಲ್‌ಗೆ ನಾಲ್ಕಾರು ಕೋಣೆ ಅಷ್ಟೇ.

ಜಾಗ ಚಿಕ್ಕದಾದರೆ ಲಾಭ ಹೇಗೆ? ಊರಿಗೆಲ್ಲ ಕೇಳುವ ಹಾಗೆ ಮೈಕ್ ಹಾಕಿದರೆ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ಮೆಲ್ಲಗೆ ಮಾತಾಡಿದರೆ ಒಂದೊಂದು ಮನೆಯ ಜಗಲಿಯಲ್ಲೂ ಒಂದೊಂದು ಹರಟೆ ನಡೆಯುತ್ತದೆ, ಯಾರಿಂದ ಯಾರಿಗೂ ಅಡ್ಡಿಯಿಲ್ಲ. ಸ್ಮಾಲ್ ಸೆಲ್‌ನ ದನಿಯೂ ದೂರ ಹೋಗುವುದಿಲ್ಲ. ಹಾಗಾಗಿ ಅದೇ ಫ್ರೀಕ್ವೆನ್ಸಿಯನ್ನು ಅದೇ ಊರಿನಲ್ಲಿ ಮತ್ತೆ ಮತ್ತೆ ಬಳಸಬಹುದು. ಪೆಟ್ಟಿಗೆ ಹತ್ತಿರವೇ ಇರುವುದರಿಂದ ಫೋನ್ ಕೂಡ ಕೂಗಬೇಕಿಲ್ಲ, ಬ್ಯಾಟರಿ ಉಳಿಯುತ್ತದೆ. ನನಗೆ ತುಂಬ ಇಷ್ಟವಾಗುವ ಸಂಗತಿ ಇದು.

5ಜಿ ಬಂದ ಮೇಲೆ ಇದರ ಅಗತ್ಯ ಹೆಚ್ಚಿದೆ. 2022ರ ಹರಾಜಿನಲ್ಲಿ ನಮ್ಮ ಕಂಪನಿಗಳು ಕೊಂಡ 26 ಗಿಗಾಹರ್ಟ್ಸ್ ತರಂಗಕ್ಕೆ ಗೋಡೆ ದಾಟುವುದೇ ಕಷ್ಟ, ಮರದ ಎಲೆಗಳ ನಡುವೆಯೂ ಸೊರಗುತ್ತದೆ. ಅದೇ ವರ್ಷ ದೇಶದ ಟೆಲಿಕಾಂ ನಿಯಂತ್ರಣ ಸಂಸ್ಥೆಯಾದ ಟ್ರಾಯ್ ಬೆಂಗಳೂರಿನ ನಮ್ಮ ಮೆಟ್ರೋ, ಭೋಪಾಲ್, ದೆಹಲಿ ವಿಮಾನ ನಿಲ್ದಾಣ, ಕಾಂಡ್ಲಾ ಬಂದರುಗಳಲ್ಲಿ ಸ್ಮಾಲ್ ಸೆಲ್ ಹಾಕಿಸಿ ನೋಡಿತು. ದೀಪದ ಕಂಬ, ಬಸ್ ಶೆಲ್ಟರ್, ಟ್ರಾಫಿಕ್ ಸಿಗ್ನಲ್ ಕಂಬಗಳಿಗೆಲ್ಲ ಸೇರಿ ಅದು ಬಳಸುವ ಹೆಸರು ‘ಸ್ಟ್ರೀಟ್ ಫರ್ನಿಚರ್’.

ಕಷ್ಟ ಇರುವುದು ಪೆಟ್ಟಿಗೆಯ ಹಿಂದೆ. ಒಂದೊಂದಕ್ಕೂ ಕರೆಂಟ್ ಬೇಕು, ಹೆಚ್ಚಿನ ಕಡೆ ಫೈಬರ್ ಎಳೆಯಬೇಕು. ಕಂಬ ಪಾಲಿಕೆಯದು, ಕರೆಂಟ್ ಬೆಸ್ಕಾಂನದು, ರಸ್ತೆ ಅಗೆಯಲು ಬೇರೆ ಅನುಮತಿ. ಒಂದು ಟವರ್‌ಗೆ ಒಮ್ಮೆ ಮಾಡುವ ಓಡಾಟವನ್ನು ಇಲ್ಲಿ ನೂರಾರು ಕಂಬಗಳಿಗೆ ಮಾಡಬೇಕು.

ಅದಕ್ಕೇ ಟವರ್ ಬದಲು ಸ್ಮಾಲ್ ಸೆಲ್ ಎನ್ನುವ ಮಾತು ಪೇಟೆಗೆ ಒಪ್ಪುತ್ತದೆ, ಎಲ್ಲ ಕಡೆಗೂ ಅಲ್ಲ. ಗುಡ್ಡಕ್ಕೊಂದು ಮನೆಯಿರುವ ಮಲೆನಾಡಿನಲ್ಲಿ ಹಂಚಿಕೊಳ್ಳುವವರು ಕಡಿಮೆ, ದೂರವೇ ಜಾಸ್ತಿ. ಅಲ್ಲಿಗೆ ಎತ್ತರದ ಟವರೇ ಬೇಕು.