ಅಳಿವೆಯ ರಕ್ಕಸ ಅಲೆ ಎಲ್ಲಿಂದಲೂ ಬರುವುದಿಲ್ಲ

ಮಳೆಗಾಲದಲ್ಲಿ ಕರಾವಳಿಯ ಪತ್ರಿಕೆ ಓದುವವರಿಗೆ ಈ ಸುದ್ದಿ ಬಾಯಿಪಾಠವಾಗಿರುತ್ತದೆ: ನದಿ ಕಡಲು ಸೇರುವ ಅಳಿವೆ ಬಾಗಿಲಿನಲ್ಲಿ ಏಕಾಏಕಿ ಎದ್ದ ರಕ್ಕಸ ಅಲೆಗೆ ಸಿಲುಕಿ ನಾಡದೋಣಿ ಮಗುಚಿದೆ. ಇದರಲ್ಲಿ ದೋಣಿ ಮಗುಚಿದ್ದೊಂದೇ ನಿಜ. ಅಲೆ ಏಕಾಏಕಿ ಎದ್ದದ್ದಲ್ಲ, ರಕ್ಕಸನೂ ಅಲ್ಲ. ಅರ್ಧ ಕಿಲೋಮೀಟರ್ ಆಚೆ ಅದೇ ದೋಣಿಯನ್ನು ಮೆಲ್ಲಗೆ ಎತ್ತಿ ಇಳಿಸುತ್ತಿದ್ದ ಸಾಧಾರಣ ತೆರೆಯೇ ಅದು. ಅದನ್ನು ಎಬ್ಬಿಸಿ ನಿಲ್ಲಿಸಿದ್ದು ಎದುರಿನಿಂದ ಬಂದ ನದಿ.

ಗಂಗೊಳ್ಳಿ, ಕೋಡಿಬೇಂಗ್ರೆ, ಮಂಗಳೂರಿನ ಬೆಂಗ್ರೆ, ಹೊನ್ನಾವರ, ತದಡಿ: ನಮ್ಮ ಕರಾವಳಿಯ ಮೀನುಗಾರಿಕೆಯ ಊರುಗಳಲ್ಲಿ ಬಹುಪಾಲು ನದೀಮುಖದಲ್ಲೇ ಇವೆ. ಒಳಗೆ ಹಿನ್ನೀರಿನ ಆಸರೆ, ಹೊರಗೆ ಮೀನು, ನಡುವೆ ಮರಳ ದಿಬ್ಬದ ಬಾಗಿಲು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ. ಆಗ ಕಡಲಿಗಿಳಿಯುವುದು ಸಣ್ಣ ಔಟ್‌ಬೋರ್ಡ್ ಎಂಜಿನ್ ಕಟ್ಟಿಕೊಂಡ ನಾಡದೋಣಿಗಳು ಮಾತ್ರ. ವರ್ಷದ ಅತಿ ಕೆಟ್ಟ ಅಳಿವೆಯನ್ನು ದಾಟುವ ಪಾಳಿ ಅತಿ ಚಿಕ್ಕ ದೋಣಿಗಳದ್ದು.

ಅಲೆಯನ್ನು ನದಿ ಹೇಗೆ ಎಬ್ಬಿಸುತ್ತದೆ? ಹೆದ್ದಾರಿಯ ಟೋಲ್ ಗೇಟ್ ನೆನಪಿಸಿಕೊಳ್ಳಿ. ನಿಮಿಷಕ್ಕೆ ಹತ್ತು ವಾಹನ ಬಂದರೆ ಹತ್ತೂ ದಾಟಿ ಹೋಗುತ್ತವೆ, ಆದರೆ ಗೇಟಿನ ಹತ್ತಿರ ವೇಗ ತಗ್ಗುವುದರಿಂದ ನಡುವಿನ ಅಂತರ ಕುಗ್ಗಿ ಬಂಪರಿಗೆ ಬಂಪರ್ ತಾಗುತ್ತದೆ. ಆರು ಸೆಕೆಂಡಿಗೊಂದರಂತೆ ಬರುವ ಅಲೆಗಳ ಕಥೆಯೂ ಇದೇ. ಅಳಿವೆಯಲ್ಲೂ ಅವು ಆರು ಸೆಕೆಂಡಿಗೊಂದರಂತೆಯೇ ದಾಟಬೇಕು. ಎದುರು ನೀರು ಅವುಗಳ ನಡಿಗೆಯನ್ನು ನಿಧಾನಿಸುತ್ತದೆ, ಒಂದು ತಲೆಗೂ ಇನ್ನೊಂದು ತಲೆಗೂ ನಡುವಿನ ದೂರ ಕುಗ್ಗುತ್ತದೆ. ವಾಹನಗಳು ಒತ್ತೊತ್ತಾದರೆ ಎತ್ತರವಾಗುವುದಿಲ್ಲ. ಅಲೆಗಳು ಆಗುತ್ತವೆ: ಅಷ್ಟೇ ಶಕ್ತಿ ಕಡಿಮೆ ಜಾಗದಲ್ಲಿ ತುಂಬಿಕೊಳ್ಳಬೇಕಲ್ಲ! ಸಾಲದ್ದಕ್ಕೆ ಹರಿವು ತನ್ನ ಶಕ್ತಿಯಲ್ಲೂ ಒಂದು ಪಾಲನ್ನು ಅಲೆಗೆ ಕೊಡುತ್ತದೆ. ಈ ಎರಡನೆಯದನ್ನು ಹಳೆಯ ಲೆಕ್ಕಗಳು ಬಿಟ್ಟಿದ್ದವು. 1960ರ ದಶಕದ ಆರಂಭದಲ್ಲಿ ಲಾಂಗೆಟ್-ಹಿಗಿನ್ಸ್ ಮತ್ತು ಸ್ಟೂವರ್ಟ್ ಎಂಬ ವಿಜ್ಞಾನಿಗಳು ಅದನ್ನು ಸೇರಿಸಿ ಸರಿಪಡಿಸಿದರು.

ಆ ಸೂತ್ರದಲ್ಲಿ ನಮ್ಮ ಅಂಕಿ ಹಾಕಿ ನೋಡಿದರೆ ಮೈ ಜುಮ್ಮೆನ್ನುತ್ತದೆ. ಆರು ಸೆಕೆಂಡಿನ, ಒಂದು ಮೀಟರ್ ಎತ್ತರದ ಅಲೆ. ಆಳದ ನೀರಿನಲ್ಲಿ ಅದರ ಉದ್ದ ಸುಮಾರು 56 ಮೀಟರ್. ಎದುರಿಗೆ ಸೆಕೆಂಡಿಗೆ ಒಂದು ಮೀಟರ್ ವೇಗದ ಹರಿವು ಬಂದರೆ ಎತ್ತರ 1.3 ಮೀಟರ್, ಉದ್ದ 43. ಇದನ್ನು ದೋಣಿ ತಡೆದುಕೊಳ್ಳುತ್ತದೆ. ಹರಿವು ಸೆಕೆಂಡಿಗೆ ಎರಡು ಮೀಟರ್ ಆದರೆ? ಎತ್ತರ 2.3 ಮೀಟರ್ ಮೀರುತ್ತದೆ, ಉದ್ದ 27ಕ್ಕೆ ಇಳಿಯುತ್ತದೆ. ಕಡಲು ಬದಲಾಗಿಲ್ಲ, ಗಾಳಿ ಬದಲಾಗಿಲ್ಲ, ಅಲೆಯ ಕಡಿದಾದ ಏರು, ಅಂದರೆ ಉದ್ದಕ್ಕೆ ಹೋಲಿಸಿದ ಎತ್ತರ, ಮಾತ್ರ ಐದು ಪಟ್ಟು. ಹರಿವು ಸೆಕೆಂಡಿಗೆ 2.3 ಮೀಟರ್ ದಾಟಿತೋ, ಆ ಅಲೆ ಮುಂದೆ ಹೋಗಲಾರದು. ನಿಂತಲ್ಲೇ ಒಡೆದು ನೊರೆಯಾಗುತ್ತದೆ. ಕೆಲವೊಮ್ಮೆ ಅಳಿವೆಯ ಹೊರಗೆ ಬಿಳಿ ನೊರೆಯ ಪಟ್ಟಿ ಕಂಡು, ಒಳಗೆ ನೀರು ವಿಚಿತ್ರವಾಗಿ ಶಾಂತವಾಗಿರುತ್ತದಲ್ಲ, ಅದಕ್ಕೆ ಇದೂ ಒಂದು ಕಾರಣ.

ಇಲ್ಲಿ ಒಂದು ಚರಿತ್ರೆ ಹೇಳದೆ ಇರಲಾರೆ. ಅಮೆರಿಕದ ಫಿಲಿಪ್ ಬ್ರಾಷರ್ ಎಂಬಾತ 1907ರಲ್ಲಿ, ಸಮುದ್ರದ ತಳದಲ್ಲಿ ತೂತಿನ ಪೈಪ್ ಹಾಕಿ ಗಾಳಿಯ ಗುಳ್ಳೆ ಬಿಟ್ಟರೆ ಅಲೆ ನಿಲ್ಲುತ್ತದೆ ಎಂದು ಪೇಟೆಂಟ್ ಪಡೆದ. ಗುಳ್ಳೆ ಅಲೆಯನ್ನು ತಡೆಯುವುದೆಂದರೇನು? ದಶಕಗಟ್ಟಲೆ ಜಗಳವಾಯಿತು. 1955ರಲ್ಲಿ ಬ್ರಿಟಿಷ್ ವಿಜ್ಞಾನಿ ಜಿ. ಐ. ಟೇಲರ್ ಗಣಿತದಲ್ಲಿ ತೋರಿಸಿದ್ದು ಇಷ್ಟು: ಗುಳ್ಳೆಗಳು ಮೇಲೇರುವಾಗ ನೀರನ್ನೂ ಎತ್ತಿಕೊಂಡು ಬರುತ್ತವೆ, ಆ ನೀರು ಮೇಲ್ಮೈಯಲ್ಲಿ ಅತ್ತಿತ್ತ ಹರಡುತ್ತದೆ, ಅಲೆಯನ್ನು ನಿಲ್ಲಿಸುವುದು ಆ ಎದುರು ಹರಿವು. ಬಂದರಿನ ಎಂಜಿನಿಯರುಗಳು ಯಂತ್ರವಿಟ್ಟು ಮಾಡಲು ಹೊರಟಿದ್ದನ್ನು ಸೀತಾ-ಸ್ವರ್ಣಾ ನದಿಗಳು ಕೋಡಿಬೇಂಗ್ರೆಯಲ್ಲಿ ದಿನಕ್ಕೆರಡು ಸಲ ಪುಕ್ಕಟೆ ಮಾಡುತ್ತಿವೆ.

ದಿನಕ್ಕೆರಡು ಸಲ, ಆದರೆ ಹೊತ್ತು ಒಂದೇ ಅಲ್ಲ. ನನ್ನ ಪ್ರಕಾರ ಇಡೀ ವಿಷಯದ ಗಂಟು ಇರುವುದೇ ಇಲ್ಲಿ. ಉಬ್ಬರದಿಂದ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಏಳು ದಿನಕ್ಕೆ ಹೆಚ್ಚುಕಡಿಮೆ ಆರು ಗಂಟೆ. ಅಂದರೆ ಕಳೆದ ವಾರ ಬೆಳಿಗ್ಗೆ ಹತ್ತಕ್ಕೆ ಏರುವ ನೀರಿನ ಜೊತೆ ನಿರಾಳವಾಗಿ ಒಳಗೆ ಬಂದವರಿಗೆ ಈ ವಾರ ಅದೇ ಹತ್ತಕ್ಕೆ ಇಳಿಯುವ ನೀರು ಎದುರಾಗುತ್ತದೆ. ‘ಮೊನ್ನೆ ಇದೇ ಹೊತ್ತಿಗೆ ಬಂದಿದ್ದೆವು, ಏನೂ ಆಗಿರಲಿಲ್ಲ’ ಎನ್ನುವುದು ಸುಳ್ಳಲ್ಲ. ಗೋಡೆಯ ಗಡಿಯಾರ ಸೂರ್ಯನದ್ದು, ಅಳಿವೆಯದ್ದು ಚಂದ್ರನದ್ದು.

ಹರಿವು ಎಷ್ಟು ಜೋರು? ಐದು ಚದರ ಕಿಲೋಮೀಟರ್ ಹಿನ್ನೀರು ಒಂದು ಮೀಟರ್ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಆರು ಗಂಟೆಯಲ್ಲಿ 50 ಲಕ್ಷ ಘನಮೀಟರ್ ನೀರು ಹೊರಗೆ ಹೋಗಬೇಕು. ಬಾಗಿಲು ನೂರು ಮೀಟರ್ ಅಗಲ, ಎರಡು ಮೀಟರ್ ಆಳವಾದರೆ ಸರಾಸರಿ ವೇಗವೇ ಸೆಕೆಂಡಿಗೆ ಒಂದು ಮೀಟರಿಗಿಂತ ಹೆಚ್ಚು, ಇಳಿತದ ನಡುಹೊತ್ತಿನಲ್ಲಿ ಎರಡರ ಸಮೀಪ. ಘಟ್ಟದಲ್ಲಿ ಮಳೆ ಹೊಡೆದಿದ್ದರೆ ನೆರೆನೀರು ಇದರ ಮೇಲೆ. ಆಗ ಉಬ್ಬರ ಏರುತ್ತಿರುವಾಗಲೂ ಮೇಲಿನ ಸಿಹಿನೀರು ಕಡಲ ಕಡೆಗೇ ಓಡುತ್ತಿರಬಹುದು, ಉಪ್ಪುನೀರು ಅಡಿಯಲ್ಲಿ ನುಸುಳುತ್ತಿರುತ್ತದೆ. ದೋಣಿ ತೇಲುವುದು ಮೇಲಿನ ಪದರದಲ್ಲಿ.

ಅಮಾವಾಸ್ಯೆಯ ದಿನ ಅಳಿವೆ ಕೆಟ್ಟದ್ದು, ಅದು ಬಲಿ ಬೇಡುತ್ತದೆ ಎನ್ನುವವರಿದ್ದಾರೆ. ಇದನ್ನು ಕೇಳಿ ನಗುವ ವಿದ್ಯಾವಂತರೂ ಇದ್ದಾರೆ. ನನಗೆ ಇಬ್ಬರ ಮೇಲೂ ಸಿಟ್ಟು. ಸೂರ್ಯಚಂದ್ರರು ಒಂದೇ ಸಾಲಿಗೆ ಬಂದಾಗ ಉಬ್ಬರ ಇಳಿತಗಳ ಅಂತರ ಹೆಚ್ಚುತ್ತದೆ, ಅದೇ ಆರು ಗಂಟೆಯಲ್ಲಿ ಹೆಚ್ಚು ನೀರು ಹೊರನುಗ್ಗುತ್ತದೆ. ಅಮಾವಾಸ್ಯೆಯ ಭಯಕ್ಕೆ ಆಧಾರವಿದೆ. ಆದರೆ ಹುಣ್ಣಿಮೆಗೂ ಅಷ್ಟೇ ಆಧಾರವಿದೆ, ಅದನ್ನು ಮಾತ್ರ ಯಾರೂ ದೂರುವುದಿಲ್ಲ! ಕಾರಣ ಬಿಟ್ಟು ಭಯವನ್ನಷ್ಟೇ ಹಿಡಿದುಕೊಂಡರೆ ಅರ್ಧ ಅಪಾಯ ಕಣ್ಣಿಗೆ ಬೀಳುವುದಿಲ್ಲ. ಗಂಗೆಗೆ ಕಾಯಿ ಬಿಡುವುದಕ್ಕೆ ನನ್ನ ಆಕ್ಷೇಪವಿಲ್ಲ, ಬಿಟ್ಟ ಕಾಯಿ ಯಾವ ದಿಕ್ಕಿಗೆ, ಎಷ್ಟು ಬೇಗ ತೇಲಿತು ಎಂದು ಒಂದು ನಿಮಿಷ ನಿಂತು ನೋಡಿದರೆ ಸಾಕು.

ಎಲ್ಲ ಅಲೆಗಳೂ ಹರಿವಿಗೆ ಇಷ್ಟು ಬಗ್ಗುವುದಿಲ್ಲ ಎಂಬುದನ್ನೂ ಹೇಳಬೇಕು. ದಕ್ಷಿಣ ಮಹಾಸಾಗರದ ಬಿರುಗಾಳಿಗಳಿಂದ ಹೊರಟು ದಿನಗಟ್ಟಲೆ ಪಯಣಿಸಿ ಬರುವ, 15 ಸೆಕೆಂಡಿಗೊಂದರಂತೆ ಬರುವ ಉದ್ದ ತೆರೆಗಳು ನದಿಯನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಕೇರಳದವರು ಕಳ್ಳಕ್ಕಡಲ್ ಎನ್ನುವುದು ಇವುಗಳ ಹಾವಳಿಯನ್ನೇ. ಹೊರಗಡಲಿನಲ್ಲಿ ಅವು ಕಣ್ಣಿಗೇ ಕಾಣವು. ಅವುಗಳನ್ನು ಕೆಣಕುವುದು ಮರಳ ದಿಬ್ಬ. ಅಲೆಯ ಎತ್ತರ ನೀರಿನ ಆಳದ ಮುಕ್ಕಾಲು ಭಾಗ ದಾಟುವಷ್ಟರಲ್ಲಿ ಒಡೆಯುತ್ತದೆ. ಇಳಿತ ಮುಂದುವರಿದಂತೆ ಆಳ ಕಡಿಮೆಯಾಗುತ್ತದೆ, ಎದುರು ಹರಿವು ಇನ್ನೂ ಜೋರಾಗಿಯೇ ಇರುತ್ತದೆ. ಎರಡೂ ಅಪಾಯಗಳು ಕೈಜೋಡಿಸುವ ಇಳಿತದ ಉತ್ತರಾರ್ಧವೇ ಅತಿ ಕೆಟ್ಟ ಹೊತ್ತು. ಶಾಂಭವಿ, ನಂದಿನಿಗಳು ಕಡಲು ಸೇರುವ ಸಸಿಹಿತ್ಲುವಿನಲ್ಲಿ ಸರ್ಫಿಂಗ್ ಮಾಡುವವರು ಹುಡುಕಿಕೊಂಡು ಹೋಗುವುದು ಇಂಥ ಒಡೆಯುವ ಅಲೆಯನ್ನೇ. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಇಂಥ ತೆರೆಗಳ ಮುನ್ಸೂಚನೆ ಕೊಡುತ್ತದೆ, ಆಕಾಶ ತಿಳಿಯಾಗಿದ್ದರೂ ಅದನ್ನು ನಂಬಬೇಕು.

ಹೊರಗೆ ಹೋಗುವಾಗ ಅಲೆ ಎದುರಿಗಿರುತ್ತದೆ, ಕಾಣುತ್ತದೆ. ಮೂತಿ ನೇರ ಇಟ್ಟು, ತಲೆ ಬಂದಾಗ ಎಂಜಿನ್ ತಗ್ಗಿಸಿದರೆ ದಾಟಬಹುದು. ಹೆಚ್ಚು ಕಷ್ಟ ಒಳಗೆ ಬರುವಾಗ. ಎರಡು ಮೀಟರ್ ಆಳದಲ್ಲಿ ಅಲೆ ನೀರಿನ ಮೇಲೆ ಗಂಟೆಗೆ ಸುಮಾರು 16 ಕಿಲೋಮೀಟರ್ ಓಡುತ್ತದೆ. ಮೀನು, ಬಲೆ ತುಂಬಿದ ದೋಣಿಗೆ ಆ ವೇಗ ಎಲ್ಲಿಂದ ಬರಬೇಕು? ಅಲೆ ಹಿಂದಿನಿಂದ ಬಂದು ಹಿಂಭಾಗವನ್ನು ಎತ್ತುತ್ತದೆ. ಅಲೆಯ ತಲೆಯಲ್ಲಿರುವ ನೀರು ಮುಂದಕ್ಕೆ ಚಲಿಸುತ್ತಿರುತ್ತದೆ, ತಗ್ಗಿನಲ್ಲಿರುವುದು ಹಿಂದಕ್ಕೆ. ಹಿಂಭಾಗವನ್ನು ದೂಡುತ್ತಾ, ಮೂತಿಯನ್ನು ಹಿಡಿದೆಳೆಯುತ್ತಾ ಅದು ದೋಣಿಯನ್ನು ಅಡ್ಡ ತಿರುಗಿಸುತ್ತದೆ. ಅದೇ ಗಳಿಗೆಯಲ್ಲಿ ಎಂಜಿನ್ ಫ್ಯಾನ್ ನೊರೆಯಲ್ಲಿ ತಿರುಗುತ್ತಿರುತ್ತದೆ, ಹಿಡಿತವೇ ಇರುವುದಿಲ್ಲ. ಮುಂದಿನ ಅಲೆಗೆ ದೋಣಿ ಅಡ್ಡ ಸಿಗುತ್ತದೆ. ಹಾಗಾಗಿ ದಿಬ್ಬದ ಹೊರಗೇ ನಿಂತು ಅಲೆಗಳನ್ನು ನೋಡಬೇಕು. ಅವು ಗುಂಪಾಗಿ ಬರುತ್ತವೆ, ನಡುವೆ ಬಿಡುವು ಕೊಡುತ್ತವೆ. ಏಳನೆಯದೇ ದೊಡ್ಡದು ಎಂಬ ಲೆಕ್ಕವೇನೂ ಇಲ್ಲ. ದೊಡ್ಡ ಗುಂಪು ದಾಟಿದ ಮೇಲೆ ಕೊನೆಯ ಅಲೆಯ ಬೆನ್ನು ಹಿಡಿದು ಒಳಬರಬೇಕು, ಅದನ್ನು ಹಿಂದಿಕ್ಕಬಾರದು. ಲೈಫ್ ಜಾಕೆಟ್ ಮೈಮೇಲಿರಬೇಕು, ಹಲಗೆಯಡಿಯಲ್ಲಲ್ಲ.

ನೀರು ತಿರುಗುವವರೆಗೆ ಕಾಯುವುದು ಇದಕ್ಕಿಂತ ಸುಲಭ. ಆದರೆ ಉಬ್ಬರದ ಪಟ್ಟಿ ಹೇಳುವುದು ನೀರಿನ ಮಟ್ಟವನ್ನು, ಹರಿವಿನ ದಿಕ್ಕನ್ನಲ್ಲ. ಮಟ್ಟ ಏರತೊಡಗಿದ ಮೇಲೂ ಹಿನ್ನೀರು ಕೆಲಹೊತ್ತು ಹೊರಗೇ ಹರಿಯುತ್ತಿರುತ್ತದೆ, ಆ ವಿಳಂಬ ಒಂದೊಂದು ಅಳಿವೆಗೂ ಬೇರೆ. ಹೊರಗೆ ಕಾದಷ್ಟೂ ಐಸ್ ಕರಗುತ್ತದೆ, ಅಷ್ಟರಲ್ಲಿ ದಡದಲ್ಲಿ ಏಲಂ (ಹರಾಜು) ಮುಗಿದು ಬೂತಾಯಿ ಮೀನಿನ ದರ ಬಿದ್ದಿರುತ್ತದೆ. ಇಳಿತದಲ್ಲೇ ನುಗ್ಗುವವರು ವಿಜ್ಞಾನ ಗೊತ್ತಿಲ್ಲದೆ ನುಗ್ಗುತ್ತಾರೆ ಎಂದು ನನಗನ್ನಿಸುವುದಿಲ್ಲ. ಇಳಿತದ ಹೊತ್ತಿಗೆ ತಕ್ಕಂತೆ ಏಲಂನ ಹೊತ್ತನ್ನು ದಿನಕ್ಕೆ ಐವತ್ತು ನಿಮಿಷ ಸರಿಸುವ ಕೆಲಸ ಮಾತ್ರ ದೋಣಿಯವರ ಕೈಯಲ್ಲಿಲ್ಲ.