ದುಡಿದು ಹಾಕುವವರು, ಬೇಯಿಸಿ ಹಾಕುವವರು: ಸಂಬಳವಿಲ್ಲದ ಕೆಲಸದ ಲೆಕ್ಕ

ಕನ್ನಡದಲ್ಲಿ ‘ದುಡಿ’ ಎಂಬ ಮಾತಿಗೆ ಎರಡು ಅರ್ಥ. ಮೈಮುರಿದು ಕೆಲಸ ಮಾಡುವುದು ಒಂದು, ಸಂಪಾದಿಸುವುದು ಇನ್ನೊಂದು. ‘ಗಂಡ ದುಡಿದು ಹಾಕ್ತಾನೆ, ಹೆಂಡತಿ ಬೇಯಿಸಿ ಹಾಕ್ತಾಳೆ’ ಅನ್ನುವಾಗ ಸಂಪಾದನೆಯ ಅರ್ಥ ಮಾತ್ರ ಉಳಿಯುತ್ತದೆ. ಬೇಯಿಸುವುದಕ್ಕೂ ಮೈ ಮುರಿಯಬೇಕು, ಆದರೆ ಅದನ್ನು ದುಡಿಮೆ ಅಂತ ಯಾರೂ ಕರೆಯುವುದಿಲ್ಲ.

ಹೆಂಡತಿಯೂ ಗಾರ್ಮೆಂಟ್ಸ್‌ಗೆ ಹೋಗಿ ದುಡಿಯತೊಡಗಿದರೆ? ದುಡಿದು ಹಾಕುವವರು ಇಬ್ಬರಾಗುತ್ತಾರೆ. ಬೇಯಿಸಿ ಹಾಕುವವರು ಮಾತ್ರ ಒಬ್ಬರೇ. ಇದನ್ನೇ ಸಮಾಜಶಾಸ್ತ್ರದಲ್ಲಿ ‘ಎರಡನೇ ಪಾಳಿ’ ಅನ್ನುತ್ತಾರೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1989ರಲ್ಲಿ ಈ ಮಾತನ್ನು ಚಾಲ್ತಿಗೆ ತಂದರು. ಕಾರ್ಖಾನೆಯ ಪಾಳಿ ಮುಗಿಸಿ ಬಂದವಳಿಗೆ ಮನೆಯಲ್ಲಿ ಇನ್ನೊಂದು ಪಾಳಿ ಕಾದಿರುತ್ತದೆ.

ಮೊದಲ ಪ್ರಶ್ನೆ: ಮನೆಯಲ್ಲಿ ಮಾಡುವುದೆಲ್ಲ ‘ಕೆಲಸ’ವೇ? ಮಾರ್ಗರೆಟ್ ರೀಡ್ ಎಂಬ ಅರ್ಥಶಾಸ್ತ್ರಜ್ಞೆ 1934ರಲ್ಲೇ ಒಂದು ಸುಲಭದ ಒರೆಗಲ್ಲು ಕೊಟ್ಟರು. ದುಡ್ಡು ಕೊಟ್ಟು ಬೇರೆಯವರಿಂದ ಮಾಡಿಸಬಹುದಾದರೆ ಅದು ಕೆಲಸ. ನಮ್ಮ ಬದಲು ಇನ್ನೊಬ್ಬರು ನಿದ್ದೆ ಮಾಡಲು ಆಗುವುದಿಲ್ಲ, ಆದ್ದರಿಂದ ನಿದ್ದೆ ಕೆಲಸವಲ್ಲ. ಪಾತ್ರೆ ತೊಳೆಯಲು ಜನ ಇಡಬಹುದು, ಹಾಗಾಗಿ ಅದು ಕೆಲಸ. ಪರೀಕ್ಷೆಗೆ ಓದುತ್ತಿರುವವರಿಗೆ ಈ ಉದಾಹರಣೆ ತುಂಬಾ ಉಪಯೋಗಕ್ಕೆ ಬರುತ್ತದೆ.

ಈಗ ಅಂಕಿಗಳಿಗೆ ಬರೋಣ. ಇಲ್ಲಿ ನಿಧಾನವಾಗಿ ಓದಿ, ಹೆಚ್ಚಿನವರು ಎಡವುವುದು ಇಲ್ಲೇ.

ದೇಶದ ಮಟ್ಟದ ಸಮಯ ಬಳಕೆ ಸಮೀಕ್ಷೆಯನ್ನು ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿತು. 1998-99ರಲ್ಲಿ ಆರು ರಾಜ್ಯಗಳಲ್ಲಿ ಪ್ರಾಯೋಗಿಕವಾಗಿ ಒಂದು ಸಮೀಕ್ಷೆ ಆಗಿತ್ತು, ಅದರಲ್ಲಿ ಕರ್ನಾಟಕ ಇರಲಿಲ್ಲ. ಸಮಯ ಬಳಕೆ ಸಮೀಕ್ಷೆ ‘ನೀವು ಏನು ಕೆಲಸ ಮಾಡ್ತೀರಿ?’ ಅಂತ ಸುಮ್ನೆ ಕೇಳುವುದಿಲ್ಲ. ಬೆಳಗಿನ ಜಾವ 4 ಗಂಟೆಯಿಂದ ಮರುದಿನ 4 ಗಂಟೆಯವರೆಗೆ, ಅರ್ಧರ್ಧ ಗಂಟೆಗೆ ಏನು ಮಾಡಿದಿರಿ ಅಂತ ಬರೆದುಕೊಳ್ಳುತ್ತದೆ.

2019ರ ಫಲಿತಾಂಶ ಹೀಗಿದೆ. ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರು, ಗಂಡಸರು 97 ನಿಮಿಷ. ಪತ್ರಿಕೆಗಳಲ್ಲಿ ಬಂದದ್ದು ಹೆಚ್ಚಾಗಿ ಇಷ್ಟೇ. ‘ಪರವಾಗಿಲ್ಲ, ಗಂಡಸರೂ ಒಂದೂವರೆ ಗಂಟೆ ಮಾಡ್ತಾರೆ’ ಅನ್ನಿಸುತ್ತದೆ ಅಲ್ವಾ? ಹಾಗಲ್ಲ. ಆ 97 ನಿಮಿಷ ಮನೆಗೆಲಸ ಮಾಡಿದ ಗಂಡಸರ ಸರಾಸರಿ ಮಾತ್ರ. ಆ ದಿನ ಮನೆಗೆಲಸಕ್ಕೆ ಕೈ ಹಾಕಿದ ಗಂಡಸರು ನೂರಕ್ಕೆ 26.1, ಹೆಂಗಸರು ನೂರಕ್ಕೆ 81.2. ಏನೂ ಮಾಡದವರನ್ನೂ ಸೇರಿಸಿ ಸರಾಸರಿ ತೆಗೆಯಿರಿ. 97ನ್ನು 0.261ರಿಂದ ಗುಣಿಸಿದರೆ ಸುಮಾರು 25 ನಿಮಿಷ. 299ನ್ನು 0.812ರಿಂದ ಗುಣಿಸಿದರೆ ಸುಮಾರು 243 ನಿಮಿಷ. ಅಂದರೆ ಅಂತರ ಮೂರು ಪಟ್ಟಲ್ಲ, ಹೆಚ್ಚುಕಡಿಮೆ ಹತ್ತು ಪಟ್ಟು. ‘ಭಾಗವಹಿಸಿದವರ ಸರಾಸರಿ’ ಮತ್ತು ‘ಎಲ್ಲರ ಸರಾಸರಿ’ ಬೇರೆ ಬೇರೆ ಅನ್ನುವುದನ್ನು ದಯವಿಟ್ಟು ಗುರುತು ಹಾಕಿಕೊಳ್ಳಿ.

2024ರಲ್ಲಿ ಮತ್ತೆ ಸಮೀಕ್ಷೆ ಆಯಿತು. ಮನೆಗೆಲಸ ಮಾಡಿದ ಹೆಂಗಸರ ಸಮಯ 289 ನಿಮಿಷಕ್ಕೆ ಇಳಿಯಿತು. ‘ಹತ್ತು ನಿಮಿಷ ಕಡಿಮೆ ಆಯ್ತು’ ಅಂತ ನನಗೂ ಖುಷಿಯಾಗಿತ್ತು. ಆಮೇಲೆ ಗಂಡಸರ ಅಂಕಿ ನೋಡಿದೆ: 97 ಇದ್ದದ್ದು 88 ಆಗಿದೆ. ಅಂತರ 2019ರಲ್ಲಿ 202 ನಿಮಿಷ, 2024ರಲ್ಲಿ 201. ಐದು ವರ್ಷಕ್ಕೆ ಒಂದು ನಿಮಿಷ! ಕೆಲಸ ಎರಡೂ ಕಡೆ ಸ್ವಲ್ಪ ಕಡಿಮೆಯಾಗಿದೆ, ಹಂಚಿಕೆ ಹಾಗೇ ಇದೆ.

ಇನ್ನೊಂದು ತಪ್ಪು ಮಾಡಬೇಡಿ. 2019ರಲ್ಲಿ ಉದ್ಯೋಗದಲ್ಲಿ ತೊಡಗಿದ ಹೆಂಗಸರ ಸರಾಸರಿ 333 ನಿಮಿಷ. ಅದಕ್ಕೆ 299 ಕೂಡಿಸಿ ‘ದುಡಿಯುವ ಹೆಣ್ಣಿನ ದಿನ 632 ನಿಮಿಷ’ ಅಂತ ಬರೆಯುವಂತಿಲ್ಲ. ಆ ಎರಡು ಗುಂಪುಗಳಲ್ಲಿ ಇರುವವರು ಒಂದೇ ಜನ ಅಲ್ಲ.

ಒಬ್ಬಳೇ ಹೆಣ್ಣುಮಗಳ ದಿನ ಹೇಗಿರುತ್ತದೆ ಅಂತ ತಿಳಿಯಲು ನಾನು ಅಕ್ಕನ ದಿನಚರಿ ಬರೆದುಕೊಂಡೆ. ನಾನು ಅವಳ ಮನೆಯಲ್ಲೇ ಇದ್ದು ಓದುತ್ತಿದ್ದೇನೆ. ಅಕ್ಕ ಗಾರ್ಮೆಂಟ್ಸ್‌ನಲ್ಲಿ ಟೈಲರ್. ನಾಲ್ಕೂವರೆಗೆ ಎದ್ದು ನೀರು ಹಿಡಿದಳು, ಕಸ ಗುಡಿಸಿದಳು, ತಿಂಡಿ ಮಾಡಿ ಮೂರು ಡಬ್ಬಿ ಕಟ್ಟಿದಳು, ಮಗಳಿಗೆ ಜಡೆ ಹಾಕಿದಳು. ಸ್ನಾನ, ತಿಂಡಿ ಬಿಟ್ಟು ಬೆಳಿಗ್ಗೆಯೇ 180 ನಿಮಿಷ. ಕಾರ್ಖಾನೆಯಲ್ಲಿ 480. ಸಂಜೆ ಮುದ್ದೆ, ಸಾರು, ಪಾತ್ರೆ, ಮಗಳ ಹೋಂವರ್ಕ್, ನಾಳೆಗೆ ಅಕ್ಕಿ ನೆನೆಹಾಕುವುದು ಸೇರಿ 150. ಒಟ್ಟು 810 ನಿಮಿಷ, ಹದಿಮೂರೂವರೆ ಗಂಟೆ. ಓಡಾಟದ ಹೊತ್ತು ಇದರಲ್ಲಿಲ್ಲ. ಭಾವ ಹಾಲು ತಂದರು, ಮಗಳನ್ನು ಶಾಲೆಗೆ ಬಿಟ್ಟರು: 40 ನಿಮಿಷ. ನನ್ನ ಹೆಸರಿನ ಮುಂದೆ ಬರೆಯಲು ಏನೂ ಇರಲಿಲ್ಲ. ಅದು ನನ್ನನ್ನು ತುಂಬಾ ಕಾಡಿತು. ಈಗ ರಾತ್ರಿಯ ಪಾತ್ರೆ ನನ್ನದು.

ಬರೆಯುವಾಗಲೇ ಒಂದು ಕಷ್ಟ ಗೊತ್ತಾಯಿತು. ಅಕ್ಕ ಮುದ್ದೆ ತೊಳಸುತ್ತಲೇ ಮಗಳ ಮಗ್ಗಿ ಕೇಳುತ್ತಿದ್ದಳು. ಅದನ್ನು ಅಡುಗೆ ಅಂತ ಬರೆಯಬೇಕೋ, ಮಗುವಿನ ಆರೈಕೆ ಅಂತಲೋ? ಸಮೀಕ್ಷೆ ಇವೆರಡನ್ನೂ ಬೇರೆ ಬೇರೆ ಲೆಕ್ಕದಲ್ಲಿ ಇಡುತ್ತದೆ. ಇನ್ನು ‘ಗ್ಯಾಸ್ ಯಾವಾಗ ಮುಗಿಯುತ್ತೆ, ಫೀಸ್ ಕಟ್ಟೋದು ಯಾವತ್ತು’ ಅಂತ ಹೊಲಿಗೆ ಮೆಷಿನ್ ಮುಂದೆ ಕೂತೇ ಯೋಚಿಸಿದ್ದು ಯಾವ ಖಾನೆಗೂ ಸೇರುವುದಿಲ್ಲ.

ಜಿಡಿಪಿ, ಅಂದರೆ ದೇಶದ ಒಟ್ಟು ಉತ್ಪನ್ನದ ಲೆಕ್ಕದ ವಿಷಯ ಬೇಗ ಹೇಳಿಬಿಡುತ್ತೇನೆ. ಮನೆಬಳಕೆಗೇ ಆದರೂ ವಸ್ತು ಉತ್ಪಾದಿಸಿದರೆ ಲೆಕ್ಕಕ್ಕೆ ಬರುತ್ತದೆ, ಮನೆಯವರಿಗೆ ಮಾಡಿದ ಸೇವೆ ಬರುವುದಿಲ್ಲ. ಹಸುವಿನ ಹಾಲು ಕರೆದರೆ ಜಿಡಿಪಿ. ಅದೇ ಹಾಲನ್ನು ಕಾಯಿಸಿ ಮಗುವಿಗೆ ಕುಡಿಸಿದರೆ ಅಲ್ಲ. ಕೆಲಸದವರು ಸಂಬಳ ತೆಗೆದುಕೊಂಡು ಕಾಯಿಸಿದರೆ ಮತ್ತೆ ಜಿಡಿಪಿ.

ಈ ಎಣಿಕೆಯ ಕಥೆಯಲ್ಲಿ ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ಅವರ ಹೆಸರು ಬಿಡಬಾರದು. 1976-77ರಲ್ಲೇ ಅವರು ಮಾಲಿನಿ ಚಂದ್ ಜೊತೆ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಆರು ಹಳ್ಳಿಗಳಲ್ಲಿ ಜನ ಹೊತ್ತು ಕಳೆಯುವ ಬಗೆಯನ್ನು ಅಧ್ಯಯನ ಮಾಡಿದರು. ‘ಕೆಲಸವಿಲ್ಲ, ಮನೆಯಲ್ಲೇ ಇದ್ದೇನೆ’ ಅಂದಿದ್ದ ಹೆಂಗಸರಲ್ಲಿ ಕೆಲವರು ಬೇರೆಯವರಿಗೆ ಭತ್ತ ಬಡಿದು, ಕೇರಿ ಕೊಡುತ್ತಿದ್ದರು. ಪ್ರಶ್ನೆ ಕೇಳುವ ರೀತಿ ಬದಲಾದರೆ ಉತ್ತರವೂ ಬದಲಾಗುತ್ತದೆ ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಇದು.

ನ್ಯಾಯಾಲಯಗಳೂ ಈ ಎಣಿಕೆಯ ಬಗ್ಗೆ ಮಾತಾಡಿವೆ. ಜನಗಣತಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳ ಜೊತೆ ‘ದುಡಿಯದವರ’ ಸಾಲಿಗೆ ಸೇರಿಸಿದ್ದನ್ನು ಸುಪ್ರೀಂ ಕೋರ್ಟ್ 2010ರಲ್ಲಿ ಟೀಕಿಸಿತು. 2021ರ ಜನವರಿಯಲ್ಲಿ ಅಪಘಾತ ಪರಿಹಾರದ ಇನ್ನೊಂದು ತೀರ್ಪಿನಲ್ಲಿ ಮೇಲೆ ಹೇಳಿದ 299 ಮತ್ತು 97ರ ಅಂಕಿಗಳೇ ಬಂದವು.

ಈ ಅಸಮ ಹಂಚಿಕೆಗೆ ಪರಿಹಾರವೇನು ಅಂತ ಪರೀಕ್ಷೆಯಲ್ಲಿ ಕೇಳಿದರೆ ಮೂರು ಮಾತು ನೆನಪಿಡಿ: ಗುರುತಿಸುವುದು, ತಗ್ಗಿಸುವುದು, ಹಂಚುವುದು. ಈ ಚೌಕಟ್ಟು ಅರ್ಥಶಾಸ್ತ್ರಜ್ಞೆ ಡಯೇನ್ ಎಲ್ಸನ್ ಅವರದು. ಮನೆಗೆ ನಲ್ಲಿ ನೀರು ಬಂದರೆ ಕೆಲಸ ತಗ್ಗುತ್ತದೆ. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿ ಯೋಜನೆ ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಕೊಡುತ್ತದೆ. ಇದನ್ನು ಮನೆಗೆಲಸದ ಸಂಬಳ ಅಂತ ಬರೆಯಬೇಡಿ, ಕೆಲಸದ ಗಂಟೆಗೂ ಆ ಹಣಕ್ಕೂ ಸಂಬಂಧವಿಲ್ಲ. ಗುರುತಿಸುವ ಕಡೆಗೆ ಒಂದು ಹೆಜ್ಜೆ ಅನ್ನಬಹುದು, ಹಂಚಿಕೆ ಅದರಿಂದ ಆಗುವುದಿಲ್ಲ. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ತೆರೆದ ‘ಕೂಸಿನ ಮನೆ’ ಆರೈಕೆಯ ಭಾರವನ್ನು ಮನೆಯಿಂದ ಆಚೆ ಹಂಚುತ್ತದೆ. ನನ್ನ ಮಟ್ಟಿಗೆ ಇದು ಜಾಸ್ತಿ ಚರ್ಚೆಯಾಗಬೇಕಾದ ಯೋಜನೆ.

ಕಾನೂನಿನ ಭಾಷೆಯಲ್ಲೂ ಲಿಂಗ ಪಾತ್ರ, ಅಂದರೆ ಯಾವುದು ಹೆಂಗಸರ ಕೆಲಸ, ಯಾವುದು ಗಂಡಸರ ಕೆಲಸ ಅನ್ನುವ ನಂಬಿಕೆ, ಅಡಗಿರುತ್ತದೆ. 1948ರ ಕಾರ್ಖಾನೆ ಕಾಯಿದೆ 30ಕ್ಕಿಂತ ಹೆಚ್ಚು ‘ಮಹಿಳಾ’ ಕಾರ್ಮಿಕರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂದಿತ್ತು. ಸಾವಿರ ಗಂಡಸರು ದುಡಿಯುವ ಕಾರ್ಖಾನೆಗೆ ಅದು ಬೇಕಿರಲಿಲ್ಲ, ಅವರಿಗೆ ಮಕ್ಕಳೇ ಇಲ್ಲ ಅನ್ನುವ ಹಾಗೆ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 50 ಅಥವಾ ಹೆಚ್ಚು ‘ನೌಕರರು’ ಅಂತ ಎಣಿಸಿತು, ಗಂಡಸರನ್ನೂ ಸೇರಿಸಿ. ಆದರೆ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರುವ ಅವಕಾಶ ಕೊಟ್ಟಿದ್ದು ತಾಯಿಗೆ ಮಾತ್ರ.